ತುಪ್ಪ ಬೇಡವೆಂದವರಿಗೆ ಎಲೆ ಹಾಕುವುದು ಹೇಗೆ? – ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಹೋಟೆಲ್ ಊಟದ ಬಗ್ಗೆ ಪ್ರಶ್ನೆ ಕಳುಹಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ಮಾಂಸ, ಮೊಟ್ಟೆಗಳ ಜೊತೆಗೆ ಹಾಲು, ಹಾಲಿನ ಪದಾರ್ಥ ಮತ್ತು ಜೇನನ್ನೂ ಬಿಟ್ಟ ವೀಗನ್ನರು ಒಳ್ಳೆಯ ಸಸ್ಯಾಹಾರಿ ರೆಸ್ಟೋರೆಂಟಿಗೆ ಹೋದಾಗ ಏನು ತಿನ್ನಬೇಕು, ಅವರಿಗೆ ಏನು ಬಡಿಸಬೇಕು ಎಂಬುದೇ ಆ ವಿಷಯ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಮಗಳು ಈಚೆಗೆ ವೀಗನ್ ಆಗಿದ್ದಾಳೆ. ಹಿಂದಿನ ಸಲ ಊರಿಗೆ ಬಂದಾಗ ಅವಳನ್ನು ಇಲ್ಲಿನ ಒಂದು ದೊಡ್ಡ ಸಸ್ಯಾಹಾರಿ ರೆಸ್ಟೋರೆಂಟಿಗೆ ಕರೆದುಕೊಂಡು ಹೋಗಿದ್ದೆವು. ಅವಳು ಏನು ಕೇಳಿದರೂ ಬಡಿಸುವ ಹುಡುಗ ‘ಎಲ್ಲಾ ಪ್ಯೂರ್ ವೆಜ್ಜೇ ಮೇಡಂ’ ಎನ್ನುತ್ತಿದ್ದ. ಕೊನೆಗೆ ಸೌತೆಕಾಯಿ ಹೋಳು, ರೋಟಿ ತಿಂದು ಎದ್ದಳು. ಆ ರೋಟಿಗೂ ಬೆಣ್ಣೆ ಸವರಿತ್ತು. ಮುಂದಿನ ತಿಂಗಳು ನಮ್ಮ ಯಜಮಾನರಿಗೆ ಅರವತ್ತು ತುಂಬುತ್ತದೆ. ಬಂಧುಗಳನ್ನೆಲ್ಲ ಸೇರಿಸಿ ಅಲ್ಲಿಯೇ ಊಟ ಹಾಕಿಸಬೇಕೆಂದಿದ್ದೇವೆ. ನಾಲ್ಕು ಜನರ ನಡುವೆ ಮಗಳಿಗೆ ಮುಜುಗರವಾಗದಂತೆ, ಹೊಟ್ಟೆ ತುಂಬ ಉಣ್ಣುವಂತೆ ಏರ್ಪಾಡು ಮಾಡುವುದು ಹೇಗೆ?
– ಗೃಹಿಣಿ, ವಿದ್ಯಾನಗರ, ದಾವಣಗೆರೆ

ಉತ್ತರ: ಆ ಹುಡುಗ ಸುಳ್ಳು ಹೇಳಿಲ್ಲ. ನಮ್ಮ ದೇಶದ ಆಹಾರ ನಿಯಮಗಳು ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಮಾಂಸಾಹಾರದ ವ್ಯಾಖ್ಯೆಯಿಂದ ಹೊರಗಿಟ್ಟಿರುವುದರಿಂದ ಪನೀರಿನ ಪೊಟ್ಟಣದ ಮೇಲೂ ತುಪ್ಪದ ಡಬ್ಬಿಯ ಮೇಲೂ ಇರುವುದು ಹಸಿರು ಚುಕ್ಕೆಯೇ. ಹೋಟೆಲಿನವರು ಕಲಿತಿರುವ ಪಾಠವೂ ಅದೇ. ಅವರ ಮುಂದೆ ‘ನಾನು ವೀಗನ್’ ಎಂದರೆ, ಸಸ್ಯಾಹಾರದಲ್ಲೇ ತುಸು ಹೆಚ್ಚು ಮಡಿಯವರಿರಬೇಕು, ಬಹುಶಃ ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ ಎಂದು ಅವರು ಅರ್ಥ ಮಾಡಿಕೊಳ್ಳುತ್ತಾರೆ. ಪರಿಣಾಮವಾಗಿ ಬೆಳ್ಳುಳ್ಳಿ ಇಲ್ಲದ, ಎರಡು ಚಮಚ ತುಪ್ಪ ಹೆಚ್ಚಿಗೆ ಬಿದ್ದ ಪಲ್ಯ ಮೇಜಿಗೆ ಬರುತ್ತದೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ವೀಗನ್ನರಿಗೆ ನಮ್ಮ ಕಡೆಯ ಸಾಧಾರಣ ಖಾನಾವಳಿಯಲ್ಲಿ ಊಟ ಮಾಡುವುದು ಬಹಳ ಸುಲಭ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿಪುಡಿ, ಹಸಿ ಈರುಳ್ಳಿ, ಅನ್ನ, ಸಾರು ಬರುತ್ತವೆ. ಮೊಸರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದರೆ ಉಳಿದದ್ದೆಲ್ಲ ಅವರದೇ. ಹೋಟೆಲು ದುಬಾರಿಯಾದಷ್ಟೂ ಈ ಸುಲಭ ಕಡಿಮೆಯಾಗುತ್ತಾ ಹೋಗುತ್ತದೆ. ಮಾಂಸವಿಲ್ಲದ ಅಡುಗೆಮನೆಯು ತನ್ನ ಶ್ರೀಮಂತಿಕೆಯನ್ನು ತೋರಿಸುವುದು ಪನೀರು, ಕೆನೆ, ಖೋವಾ, ತುಪ್ಪಗಳ ಮೂಲಕವೇ ಆದುದರಿಂದ, ತಟ್ಟೆಗೆ ನೂರು ರೂಪಾಯಿ ಹೆಚ್ಚು ಕೊಟ್ಟರೆ ಆ ನೂರು ರೂಪಾಯಿಯ ಬಹುಪಾಲು ಹಾಲಿನ ರೂಪದಲ್ಲೇ ವಾಪಸು ಬರುತ್ತದೆ ಎನ್ನಬಹುದು. ಅತಿಥಿಗೆ ತುಪ್ಪ ಕಡಿಮೆ ಮಾಡಿದರೆ ಮರ್ಯಾದೆ ಕಡಿಮೆ ಮಾಡಿದಂತೆ ಎಂಬ ನಂಬಿಕೆಯಲ್ಲಿ ಬೆಳೆದ ಅಡುಗೆಯವರಿಗೆ ‘ತುಪ್ಪ ಬೇಡ’ ಎಂಬ ಮಾತು ಕಿವಿಗೆ ಬಿದ್ದರೂ ಕೈಗೆ ಇಳಿಯುವುದಿಲ್ಲ.

ಅಡುಗೆಮನೆಯ ಒಳಗಿನ ವ್ಯವಸ್ಥೆಯನ್ನೂ ಸ್ವಲ್ಪ ತಿಳಿದುಕೊಂಡರೆ ಆರ್ಡರ್ ಮಾಡುವುದು ಸುಲಭವಾಗುತ್ತದೆ. ಉತ್ತರ ಭಾರತದ ಶೈಲಿಯ ಅಡುಗೆ ಮಾಡುವ ಬಹುತೇಕ ಹೋಟೆಲುಗಳಲ್ಲಿ ಬೆಳಿಗ್ಗೆಯೇ ಎರಡು ಮೂರು ಬಗೆಯ ಗ್ರೇವಿಗಳನ್ನು ದೊಡ್ಡ ಪಾತ್ರೆಗಳಲ್ಲಿ ಮಾಡಿಟ್ಟಿರುತ್ತಾರೆ. ಕೆಂಪು ಗ್ರೇವಿಯೆಂದರೆ ಈರುಳ್ಳಿ, ಟೊಮೆಟೊ ಆಧಾರದ್ದು. ಬಿಳಿ ಗ್ರೇವಿಯೆಂದರೆ ಬೇಯಿಸಿದ ಈರುಳ್ಳಿ, ಗೋಡಂಬಿ, ಕರಬೂಜದ ಬೀಜಗಳನ್ನು ರುಬ್ಬಿದ್ದು. ಇದಕ್ಕೆ ಮೊಸರು, ಖೋವಾ ಅಥವಾ ಕೆನೆ ಮೊದಲೇ ಸೇರಿರುವುದು ಸಾಮಾನ್ಯ. ಮಖನಿ ಗ್ರೇವಿಯ ಬುಡವೇ ಬೆಣ್ಣೆ. ಮೆನು ಕಾರ್ಡಿನಲ್ಲಿ ನಲವತ್ತು ಹೆಸರುಗಳಿದ್ದರೂ ಅವೆಲ್ಲ ಈ ಎರಡು ಮೂರು ಪಾತ್ರೆಗಳಿಂದಲೇ ಹುಟ್ಟುವಂಥವು. ಆದ್ದರಿಂದ ‘ಮಟರ್ ಮಶ್ರೂಮಿಗೆ ಕ್ರೀಮ್ ಹಾಕಬೇಡಿ’ ಎಂದು ನೀವು ಹೇಳಿದರೆ ಕೊನೆಯಲ್ಲಿ ಮೇಲಿನಿಂದ ಸುರಿಯುವ ಕೆನೆಯ ಗೆರೆಯೊಂದು ನಿಲ್ಲುತ್ತದೆಯೇ ಹೊರತು, ಬೆಳಿಗ್ಗೆ ಹತ್ತು ಗಂಟೆಗೇ ಒಳಗೆ ಸೇರಿದ ಖೋವಾವನ್ನು ಯಾರೂ ತೆಗೆಯಲಾರರು.

ರೋಟಿಯ ಕಥೆಯೂ ಹಾಗೆಯೇ. ತಂದೂರಿನ ಪಕ್ಕದ ಕಟ್ಟೆಯ ಮೇಲೆ ಕರಗಿದ ಬೆಣ್ಣೆಯ ಸ್ಟೀಲ್ ಮಗ್ಗೊಂದು, ಅದರೊಳಗೆ ಒಂದು ಬ್ರಷ್ಷು ಸದಾ ಇರುತ್ತವೆ. ರೋಟಿಯನ್ನು ಕಬ್ಬಿಣದ ಸರಳಿನಿಂದ ಎಳೆದು ಹಲಗೆಯ ಮೇಲೆ ಹಾಕುತ್ತಿದ್ದಂತೆಯೇ ಆ ಕೈ ಬ್ರಷ್ಷಿಗೆ ಹೋಗುತ್ತದೆ; ಅದು ವರ್ಷಗಳ ಅಭ್ಯಾಸ, ಅಲ್ಲಿ ಯೋಚನೆಗೆ ಸಮಯವಿಲ್ಲ. ನೀವು ಮೇಜಿನ ಬಳಿ ಹೇಳಿದ ‘ಬೆಣ್ಣೆ ಬೇಡ’ ಎಂಬ ಮಾತು ಒಳಗೆ ಹೋಗುವ ಆರ್ಡರ್ ಚೀಟಿಯಲ್ಲಿ ಬರೆದಿದ್ದರೆ ಮಾತ್ರ ತಂದೂರಿನವನನ್ನು ತಲುಪುತ್ತದೆ. ಹುಡುಗ ಅದನ್ನು ಬರೆದುಕೊಂಡನೇ ಎಂದು ನೋಡಿಕೊಳ್ಳುವುದರಲ್ಲಿ ಸಂಕೋಚವೇನೂ ಬೇಡ. ಸಾದಾ ತಂದೂರಿ ರೋಟಿಯ ಹಿಟ್ಟನ್ನು ಸಾಮಾನ್ಯವಾಗಿ ಗೋಧಿ, ಉಪ್ಪು, ನೀರಿನಲ್ಲಿ ಕಲಸುತ್ತಾರೆ. ನಾನ್ ಮತ್ತು ಕುಲ್ಚಾಗಳ ಹಿಟ್ಟಿಗೆ ಮೊಸರು ಅಥವಾ ಹಾಲು ಬೀಳುವುದರಿಂದ ಅವುಗಳ ವಿಷಯದಲ್ಲಿ ಬೆಣ್ಣೆ ಬೇಡವೆಂದು ಹೇಳಿ ಪ್ರಯೋಜನವಿಲ್ಲ.

ಈಗ ನಿಮ್ಮ ಸಮಾರಂಭಕ್ಕೆ ಬರೋಣ. ಹಿಂದಿನ ದಿನ ಮಧ್ಯಾಹ್ನ ಮೂರೂವರೆಯ ನಂತರ, ಸಂಜೆಯ ಗದ್ದಲ ಶುರುವಾಗುವ ಮೊದಲು ಹೋಟೆಲಿಗೆ ಫೋನ್ ಮಾಡಿ. ಮೇಜು ಕಾಯ್ದಿರಿಸುವವರ ಹತ್ತಿರ ಮಾತು ಮುಗಿಸದೆ, ಮುಖ್ಯ ಅಡುಗೆಯವರನ್ನೋ ಬಡಿಸುವವರ ಮೇಲ್ವಿಚಾರಕನಾದ ಕ್ಯಾಪ್ಟನ್ನನ್ನೋ ಫೋನಿಗೆ ಕರೆಸಿಕೊಳ್ಳಿ. ‘ವೀಗನ್’ ಎಂಬ ಹೆಸರನ್ನು ಹೇಳಿ ಸುಮ್ಮನಾಗದೆ ಪದಾರ್ಥಗಳನ್ನೇ ಎಣಿಸಿ: ‘ನಮ್ಮಲ್ಲಿ ಒಬ್ಬರಿಗೆ ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಕೆನೆ, ಪನೀರು, ಚೀಸ್, ಖೋವಾ, ಜೇನು ಯಾವುದೂ ಆಗುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಎಣ್ಣೆ, ತೆಂಗಿನಕಾಯಿ, ಶೇಂಗಾ, ಗೋಡಂಬಿ ಎಲ್ಲವೂ ಆಗುತ್ತವೆ.’ ಈ ಎರಡನೆಯ ವಾಕ್ಯವನ್ನು ಬಿಡಬಾರದು. ಏನು ಬೇಡ ಎಂಬುದನ್ನಷ್ಟೇ ಕೇಳಿದ ಅಡುಗೆಯವರು ಗಾಬರಿಯಾಗಿ ಬೇಯಿಸಿದ ತರಕಾರಿಗೆ ಇಳಿದುಬಿಡುತ್ತಾರೆ. ಏನು ಆಗುತ್ತದೆ ಎಂದು ಕೇಳಿದವರು ಅಡುಗೆ ಮಾಡಲು ತೊಡಗುತ್ತಾರೆ.

ಮುಜುಗರದ ವಿಷಯದಲ್ಲಿ ನನ್ನ ಸಲಹೆಯೆಂದರೆ, ಮಗಳಿಗೆಂದು ಬೇರೆ ತಟ್ಟೆ ಮಾಡಿಸಬೇಡಿ. ದೊಡ್ಡ ಮೇಜಿಗೆ ಪದಾರ್ಥಗಳು ಹೇಗೂ ಹಂಚಿಕೊಳ್ಳುವ ಬಟ್ಟಲುಗಳಲ್ಲೇ ಬರುತ್ತವೆ. ಎಲ್ಲರಿಗೂ ತರಿಸುವ ಎಂಟು ಹತ್ತು ಬಗೆಗಳಲ್ಲಿ ಅರ್ಧದಷ್ಟು ಹುಟ್ಟಿನಿಂದಲೇ ಹಾಲಿಲ್ಲದ ಅಡುಗೆಗಳಾಗಿದ್ದರೆ ಅವಳ ಊಟ ಬೇರೆ ಎಂಬುದು ಯಾರ ಗಮನಕ್ಕೂ ಬಾರದು. ಹಾಲಿನ ಅಡುಗೆಯಿಂದ ಹಾಲನ್ನು ತೆಗೆಸುವುದಕ್ಕಿಂತ ಹಾಲೇ ಇಲ್ಲದ ಅಡುಗೆಯನ್ನು ಕೇಳುವುದು ರುಚಿಯ ದೃಷ್ಟಿಯಿಂದಲೂ ಮೇಲು: ಪನೀರ್ ಬಟರ್ ಮಸಾಲಾದಿಂದ ಪನೀರು, ಬಟರುಗಳನ್ನು ಕಳೆದರೆ ಉಳಿಯುವುದು ಹುಳಿ ಟೊಮೆಟೊ ರಸ; ಎಣ್ಣೆಗಾಯಿಯಿಂದ ಏನನ್ನೂ ಕಳೆಯಬೇಕಾಗಿಲ್ಲ.

ಆರಂಭಕ್ಕೆ ಹಾಟ್ ಅಂಡ್ ಸೋರ್ ಅಥವಾ ನಿಂಬೆ ಕೊತ್ತಂಬರಿಯ ತಿಳಿ ಸೂಪ್ ಹೇಳಿ. ಟೊಮೆಟೊ ಸೂಪನ್ನು ಅನೇಕ ಕಡೆ ಬೆಣ್ಣೆಯಲ್ಲಿ ಶುರುಮಾಡಿ ಕೆನೆಯಲ್ಲಿ ಮುಗಿಸುತ್ತಾರೆ. ಗೋಬಿ ಅಥವಾ ಬೇಬಿಕಾರ್ನ್ ಮಂಚೂರಿಯಲ್ಲಿ ಮೈದಾ, ಮೆಕ್ಕೆಜೋಳದ ಹಿಟ್ಟು, ಸೋಯಾ ಸಾಸ್ ಇರುತ್ತವೆಯೇ ವಿನಾ ಹಾಲಿಗೆ ಕೆಲಸವಿಲ್ಲ. ಹನಿ ಚಿಲ್ಲಿ ಆಲೂ ಬೇಡ, ಅದರ ಹೆಸರಿನಲ್ಲೇ ಜೇನಿದೆ. ‘ತಂದೂರಿ’, ‘ಟಿಕ್ಕಾ’ ಎಂದಿರುವ ತರಕಾರಿಗಳನ್ನು ಮೊಸರಿನಲ್ಲಿ ನೆನೆಸಿರುತ್ತಾರೆ. ಊಟಕ್ಕೆ ಚನ್ನಾ ಮಸಾಲಾ, ಜೀರಾ ಆಲೂ, ಒಣ ಬೆಂಡೆಕಾಯಿ, ದಾಲ್ ತಡ್ಕಾಗಳನ್ನು ಎಣ್ಣೆಯ ಒಗ್ಗರಣೆಯಲ್ಲಿ ಮಾಡಿಕೊಡಲು ಹೇಳಬಹುದು. ಬೇಳೆ ಸಾದಾ ಬೆಂದಿರುತ್ತದೆ, ತುಪ್ಪ ಬರುವುದು ಒಗ್ಗರಣೆಯಲ್ಲಿ ಮಾತ್ರ. ಬಿರಿಯಾನಿ, ಜೀರಾ ರೈಸ್, ಬಿಸಿಬೇಳೆಬಾತುಗಳಲ್ಲಿ ತುಪ್ಪವೋ ಮೊಸರೋ ಇದ್ದೇ ಇರುತ್ತದೆಂದು ತಿಳಿಯಿರಿ; ಬಿಳಿ ಅನ್ನ, ಚಿತ್ರಾನ್ನ, ಪುಳಿಯೋಗರೆಗಳನ್ನು ಕೇಳಿ. ದಕ್ಷಿಣದ ಅಡುಗೆಯ ವಿಭಾಗವಿದ್ದರೆ ಕೋಸಂಬರಿ, ಅಕ್ಕಿ ರೊಟ್ಟಿ, ಎಣ್ಣೆಗಾಯಿ, ಹುರಳಿಕಾಳಿನ ಸಾರುಗಳಿಗೆ ಸಮನಾದದ್ದು ಬೇರೆ ಇಲ್ಲ.

ಎರಡು ಕಡೆ ಎಚ್ಚರವಿರಲಿ. ಊಟದ ಜೊತೆ ಕರಿದು ಕೊಡುವ ಮಜ್ಜಿಗೆ ಮೆಣಸಿನಕಾಯಿ ನೋಡಲು ನಿರುಪದ್ರವಿ, ಆದರೆ ಮಜ್ಜಿಗೆಯಲ್ಲಿ ನೆನೆದು ಒಣಗಿದ್ದು. ಬಿಸಿ ಅನ್ನದ ಮೇಲೆ ತುಪ್ಪದ ಮಿಳ್ಳೆ ಹಿಡಿದು ಬರುವವರು ಕೇಳಿ ಬಡಿಸುವವರಲ್ಲ. ಅವರು ಮೇಜಿನ ಆ ತುದಿಯಲ್ಲಿರುವಾಗಲೇ ಮಗಳು ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಸಾಕು.

ಪ್ರಶ್ನೆ: ನಾನು ಓದಲು ದಾವಣಗೆರೆಗೆ ಬಂದಿರುವ ವೀಗನ್ ವಿದ್ಯಾರ್ಥಿ. ಬೆಣ್ಣೆ ದೋಸೆಯ ಊರಿಗೆ ಬಂದು ದೋಸೆ ತಿನ್ನದೆ ಹೋಗುವುದು ಹೇಗೆ? ಬೆಣ್ಣೆ ಹಾಕದೆ ಮಾಡಿಕೊಡಿ ಎಂದು ಕೇಳಬಹುದೇ?
– ಎಂ.ಸಿ.ಸಿ. ‘ಬಿ’ ಬ್ಲಾಕ್, ದಾವಣಗೆರೆ

ಉತ್ತರ: ಕೇಳಬಹುದು, ಕಾವಲಿಯ ಮುಂದೆ ನಿಂತವರು ನಿಮ್ಮನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡುತ್ತಾರೆ, ಅಷ್ಟೇ. ಹಿಟ್ಟಿನಲ್ಲಿ ಅಕ್ಕಿ, ಉದ್ದಿನಬೇಳೆ, ಮೆಂತ್ಯ ಮತ್ತು ನಮ್ಮೂರಿನ ವಿಶೇಷವಾದ ಮಂಡಕ್ಕಿ ಇರುತ್ತವೆ. ಜೊತೆಗೆ ಕೊಡುವ ತೆಳ್ಳನೆಯ ಬಿಳಿ ಕಾಯಿಚಟ್ನಿಗೂ ಆಲೂಗಡ್ಡೆ ಪಲ್ಯಕ್ಕೂ ಸಾಮಾನ್ಯವಾಗಿ ಹಾಲಿನ ಸಂಬಂಧವಿಲ್ಲ. ಕಷ್ಟವಿರುವುದು ಕಾವಲಿಯಲ್ಲಿ. ಬೆಳಗಿನಿಂದ ಬೆಣ್ಣೆ ಕುಡಿದು ಹದಗೊಂಡ ಆ ಕಬ್ಬಿಣದ ಮೇಲೆ ನಿಮ್ಮದೊಂದನ್ನು ಎಣ್ಣೆಯಲ್ಲಿ ಎರೆದರೂ ಹಿಂದಿನ ದೋಸೆಯ ಬೆಣ್ಣೆ ಅದಕ್ಕೆ ಹತ್ತುತ್ತದೆ. ಅಷ್ಟು ಸಂಪರ್ಕವನ್ನು ಒಪ್ಪುವ ವೀಗನ್ನರಿದ್ದಾರೆ, ಒಪ್ಪದವರೂ ಇದ್ದಾರೆ, ತೀರ್ಮಾನ ನಿಮ್ಮದು. ಒಪ್ಪದಿದ್ದರೆ ಬೆಣ್ಣೆ ದೋಸೆಯ ಅಂಗಡಿಯನ್ನು ಬಿಟ್ಟು, ಸಾದಾ ದೋಸೆಗೆ ಎಣ್ಣೆಯನ್ನೇ ಬಳಸುವ ಹೋಟೆಲನ್ನು ಹುಡುಕಿಕೊಳ್ಳಿ. ರವೆ ದೋಸೆ, ರವೆ ಇಡ್ಲಿಗಳಿಗೆ ಮೊಸರು ಅಥವಾ ಮಜ್ಜಿಗೆ ಹಾಕುವುದು ವಾಡಿಕೆಯಾದ್ದರಿಂದ ಅವನ್ನು ಕೇಳಿಯೇ ತಿನ್ನಿ. ಬೆಣ್ಣೆಯ ಬದಲು ಮಾರ್ಗರಿನ್ ಹಾಕಿ ಎನ್ನುವ ಸಲಹೆಯನ್ನು ಮಾತ್ರ ನಾನು ಕೊಡಲಾರೆ: ಕೆಲವು ಮಾರ್ಗರಿನ್‌ಗಳಲ್ಲಿ ಹಾಲಿನ ಅಂಶವಿರುತ್ತದೆ, ರುಚಿಯಲ್ಲಂತೂ ಎರಡಕ್ಕೂ ಹೋಲಿಕೆಯಿಲ್ಲ. ಸಂಜೆಯ ಹೊತ್ತಿನ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಗಳು ಎಣ್ಣೆಯವೇ. ಈ ಊರು ನಿಮ್ಮನ್ನು ಪೂರ್ತಿ ಉಪವಾಸ ಕೆಡಹುವುದಿಲ್ಲ.

ಪ್ರಶ್ನೆ: ಚಿತ್ರದುರ್ಗದ ಹತ್ತಿರ ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದಲ್ಲಿ ನಮ್ಮದೊಂದು ಹವಾನಿಯಂತ್ರಿತ ಸಸ್ಯಾಹಾರಿ ರೆಸ್ಟೋರೆಂಟ್ ಇದೆ. ಬೆಂಗಳೂರಿನಿಂದ ಹುಬ್ಬಳ್ಳಿ, ಪುಣೆ ಕಡೆ ಹೋಗುವವರು ಹೆಚ್ಚು. ವಾರದಲ್ಲಿ ಕೆಲವರಾದರೂ ವೀಗನ್ ಏನಿದೆ ಎಂದು ಕೇಳುತ್ತಾರೆ. ಮೆನುವಿನಲ್ಲಿ ವೀಗನ್ ಗುರುತು ಹಾಕಬಹುದೇ? ಇದಕ್ಕಾಗಿ ಪ್ರತ್ಯೇಕ ಅಡುಗೆಮನೆ ಬೇಕಾಗುತ್ತದೆಯೇ? ಖರ್ಚಿಗೆ ತಕ್ಕ ಲಾಭವಿದೆಯೇ?
– ಹೋಟೆಲ್ ಮಾಲೀಕರು, ಚಿತ್ರದುರ್ಗ

ಉತ್ತರ: ಗುರುತಿನ ವಿಷಯ ಮೊದಲು. ವೀಗನ್ ಆಹಾರಕ್ಕೆಂದು ಆಹಾರ ಸುರಕ್ಷತೆ ಮತ್ತು ಮಾನಕ ಪ್ರಾಧಿಕಾರವು 2022ರಲ್ಲಿ ಪ್ರತ್ಯೇಕ ನಿಯಮಾವಳಿಯನ್ನು ತಂದಿದೆ. ಸೇರಿಸುವ ಪದಾರ್ಥದಲ್ಲಷ್ಟೇ ಅಲ್ಲ, ಸಂಸ್ಕರಣೆಗೆ ಬಳಸುವ ಸಾಮಗ್ರಿಯಲ್ಲೂ ಪ್ರಾಣಿಮೂಲದ್ದು ಏನೂ ಇರಬಾರದು ಎಂಬುದು ಅದರ ಸಾರ; ನಿಯಮಗಳಿಗೆ ಬದ್ಧವಲ್ಲದ ಆಹಾರವನ್ನು ವೀಗನ್ ಎಂದು ಮಾರುವಂತಿಲ್ಲ. ಎಲೆಯ ಚಿತ್ರವಿರುವ ಹಸಿರು ‘ವಿ’ ಚಿಹ್ನೆ ಅನುಮೋದನೆ ಪಡೆದ ಪೊಟ್ಟಣಗಳಿಗಾಗಿ ಇರುವಂಥದ್ದು. ಆದ್ದರಿಂದ ಆ ಚಿಹ್ನೆಯನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡು ಮೆನುವಿನ ಮೇಲೆ ಅಚ್ಚು ಹಾಕಿಸಬೇಡಿ. ಅದರ ಬದಲು, ಆಯಾ ತಿನಿಸಿನ ಕೆಳಗೆ ‘ಹಾಲು, ತುಪ್ಪ, ಬೆಣ್ಣೆ, ಜೇನು ಬಳಸಿಲ್ಲ’ ಎಂದು ಸರಳವಾಗಿ ಬರೆಯಿರಿ, ಬರೆದಂತೆ ನಡೆದುಕೊಳ್ಳಿ. ಗಿರಾಕಿಗೆ ಬೇಕಾದ ಮಾಹಿತಿ ಅಷ್ಟೇ. ಅದಕ್ಕೂ ಮೀರಿ ಏನನ್ನಾದರೂ ಸಾರಬೇಕೆಂದಿದ್ದರೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳಿಂದ ಲಿಖಿತವಾಗಿ ತಿಳಿದುಕೊಂಡು ಮುಂದುವರಿಯಿರಿ. ಕೇಂದ್ರ ಪರವಾನಗಿ ಇರುವ ಅಥವಾ ಹತ್ತು ಮತ್ತು ಅದಕ್ಕಿಂತ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳು ಅಲರ್ಜಿಕಾರಕ ಪದಾರ್ಥಗಳ ಮಾಹಿತಿಯನ್ನು ಕೊಡಲೇಬೇಕೆಂದು 2020ರ ಲೇಬಲ್ ನಿಯಮಗಳು ಹೇಳುತ್ತವೆ, ಹಾಲು ಆ ಪಟ್ಟಿಯಲ್ಲಿದೆ. ನಿಮ್ಮ ಹೋಟೆಲು ಅಷ್ಟು ದೊಡ್ಡದಿಲ್ಲದಿದ್ದರೂ ಇಂಥ ಪಟ್ಟಿಯೊಂದನ್ನು ಕೌಂಟರಿನಲ್ಲಿ ಇಟ್ಟುಕೊಂಡರೆ ನಿಮ್ಮ ಹುಡುಗರ ಅರ್ಧ ತಲೆನೋವು ಕಡಿಮೆಯಾಗುತ್ತದೆ.

ಪ್ರತ್ಯೇಕ ಅಡುಗೆಮನೆ ಬೇಕಿಲ್ಲ. ಬೇಕಾಗಿರುವುದು ಅಡುಗೆಯ ಕ್ರಮದಲ್ಲಿ ಒಂದೇ ಒಂದು ಬದಲಾವಣೆ: ಹಾಲಿನ ಪದಾರ್ಥಗಳನ್ನು ಬುಡದಿಂದ ತುದಿಗೆ ತನ್ನಿ. ಬೆಳಿಗ್ಗೆ ಮಾಡಿಡುವ ಬಿಳಿ ಗ್ರೇವಿಯನ್ನು ಈರುಳ್ಳಿ, ಗೋಡಂಬಿ, ಕರಬೂಜದ ಬೀಜ, ಎಣ್ಣೆಗಳಲ್ಲಿ ಮಾತ್ರ ಮುಗಿಸಿ. ಖೋವಾ, ಕೆನೆ, ಮೊಸರು ಏನಿದ್ದರೂ ಆರ್ಡರ್ ಬಂದ ಮೇಲೆ ಆಯಾ ಬಾಣಲೆಗೆ ಸೇರಲಿ. ಕೆಂಪು ಗ್ರೇವಿಗೂ ಇದೇ ಕ್ರಮ. ಹೀಗೆ ಮಾಡಿದರೆ ಪನೀರು ಬೇಕೆಂದವರಿಗೆ ಏನೂ ಕಡಿಮೆಯಾಗುವುದಿಲ್ಲ, ವೀಗನ್ನರಿಗೆ ಹತ್ತಾರು ಬಗೆಗಳು ತಾವಾಗಿಯೇ ತೆರೆದುಕೊಳ್ಳುತ್ತವೆ. ಹಾಲಿಲ್ಲದ ಬುಡ ಬೇಗ ಹುಳಿಯೇರುವುದಿಲ್ಲವೆಂಬುದು ನಿಮಗೆ ಸಿಗುವ ಹೆಚ್ಚುವರಿ ಲಾಭ. ಬೇಸಿಗೆಯಲ್ಲಿ ದುರ್ಗದ ಬಿಸಿಲು ಎಂಥದೆಂದು ನಾನು ನಿಮಗೆ ಹೇಳಬೇಕಾಗಿಲ್ಲ. ಒಗ್ಗರಣೆಗೆ ಎಣ್ಣೆಯ ಪಾತ್ರೆಯನ್ನೂ ತುಪ್ಪದ ಪಾತ್ರೆಯನ್ನೂ ಬೇರೆ ಬೇರೆ ಬಣ್ಣದ ಹಿಡಿಕೆಯ ಸೌಟುಗಳೊಂದಿಗೆ ಎರಡು ಬದಿಗೆ ಇಡಿಸಿ. ಆರ್ಡರ್ ಬರೆಯುವ ಹುಡುಗರಿಗೆ ಒಂದು ನಿಶ್ಚಿತ ಗುರುತನ್ನು ಕಲಿಸಿ, ಆ ಗುರುತಿನ ಚೀಟಿಯನ್ನು ಒಳಗೆ ಗಟ್ಟಿಯಾಗಿ ಓದಿ ಹೇಳುವ ಪದ್ಧತಿ ಇರಲಿ. ಒಲೆಗಳ ಸದ್ದಿನ ನಡುವೆ ಬರೆದ ಚೀಟಿಯನ್ನು ಯಾರೂ ತಿರುಗಿ ನೋಡುವುದಿಲ್ಲ.

ಇನ್ನು ಮೆನುವಿನ ಮಾತು. ವೀಗನ್ ಎಂದ ತಕ್ಷಣ ಟೋಫು, ಬಾದಾಮಿ ಹಾಲು, ಸಸ್ಯಜನ್ಯ ಚೀಸುಗಳಿಗೆ ಓಡುವ ಅಭ್ಯಾಸ ದೊಡ್ಡ ಊರುಗಳ ಹೋಟೆಲುಗಳಿಗೆ ಅಂಟಿದೆ. ಪನೀರಿನ ವೇಷ ಹಾಕಿದ ಟೋಫು ಪನೀರಿನಂತೆಯೂ ಇರುವುದಿಲ್ಲ, ಟೋಫುವಿನಂತೆಯೂ ಇರುವುದಿಲ್ಲ. ನೀರು ಹಿಂಡದೆ ಗ್ರೇವಿಗೆ ಬಿಟ್ಟರಂತೂ ಅದನ್ನು ತಿನ್ನುವುದೇ ಶಿಕ್ಷೆ. ನಿಮ್ಮ ಜಿಲ್ಲೆಯ ನೆಲವೇ ನಿಮಗೆ ಬೇಕಾದದ್ದನ್ನೆಲ್ಲ ಕೊಡುತ್ತಿದೆ. ಶೇಂಗಾ ಎಣ್ಣೆಯ ಗಾಣಗಳಿಗೆ ಹೆಸರಾದ ಚಳ್ಳಕೆರೆ ನಿಮ್ಮ ಪಕ್ಕದಲ್ಲಿದೆ, ಹೊಸದುರ್ಗದ ಕಡೆ ತೆಂಗು ಇದೆ, ರಾಗಿ, ನವಣೆ, ಸಾಮೆಗಳು ಹೊಲದಲ್ಲೇ ಇವೆ. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ನಗರದ ಗಿರಾಕಿಗಳು ಸಿರಿಧಾನ್ಯಕ್ಕೆ ಒಳ್ಳೆಯ ಬೆಲೆ ಕೊಡಲು ಹಿಂಜರಿಯುತ್ತಿಲ್ಲ. ಶೇಂಗಾ ಎಣ್ಣೆಯಲ್ಲಿ ಒಗ್ಗರಣೆ ಹಾಕಿದ ನವಣೆ ಚಿತ್ರಾನ್ನ, ಬಿಸಿ ರಾಗಿ ಮುದ್ದೆಯೊಂದಿಗೆ ಬಸ್ಸಾರು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹುಚ್ಚೆಳ್ಳಿನ ಚಟ್ನಿಪುಡಿ, ಕಾಯಿಹಾಲಿನಲ್ಲಿ ಬೇಯಿಸಿದ ತರಕಾರಿ ಸಾಗು ಇವನ್ನು ಒಳ್ಳೆಯ ತಟ್ಟೆಯಲ್ಲಿ, ಅಚ್ಚುಕಟ್ಟಾಗಿ, ಬಿಸಿಯಾಗಿ ಕೊಟ್ಟು ನೋಡಿ. ಪುಣೆಯ ಗಿರಾಕಿ ದುರ್ಗದಲ್ಲಿ ಇಳಿದು ತಿನ್ನಬೇಕಾದದ್ದು ಪುಣೆಯಲ್ಲಿ ಸಿಗದಿರುವುದನ್ನೇ ತಾನೆ?

ಲಾಭದ ಲೆಕ್ಕ ಹಾಕುವಾಗ ವೀಗನ್ನರ ತಲೆಗಳನ್ನಷ್ಟೇ ಎಣಿಸಬೇಡಿ. ಒಂದು ಕಾರಿನಲ್ಲಿ ಐವರಿದ್ದು ಅವರಲ್ಲಿ ಒಬ್ಬರಿಗೆ ತಿನ್ನಲು ಏನೂ ಸಿಗದಿದ್ದರೆ ಆ ಕಾರು ಮುಂದಿನ ಹೋಟೆಲಿಗೆ ಹೋಗುತ್ತದೆ.

ಪ್ರಶ್ನೆ: ನಾವು ತಲೆತಲಾಂತರದಿಂದ ಸಸ್ಯಾಹಾರಿಗಳು. ಹಸುವನ್ನು ಕೊಲ್ಲದೆ ಕರೆದುಕೊಳ್ಳುವ ಹಾಲನ್ನು ತಪ್ಪೆಂದು ನಮ್ಮ ಸೊಸೆ ಹೇಳಿದಾಗ ಮನಸ್ಸಿಗೆ ನೋವಾಗುತ್ತದೆ. ಹೋಟೆಲಿನಲ್ಲಿ ಅವಳು ಹುಡುಗನನ್ನು ನಿಲ್ಲಿಸಿ ಹತ್ತು ಪ್ರಶ್ನೆ ಕೇಳುವಾಗ ನನಗೆ ತಲೆ ತಗ್ಗಿಸುವಂತಾಗುತ್ತದೆ. ಇದು ಅತಿಯಲ್ಲವೇ?
– ನಿವೃತ್ತ ಶಿಕ್ಷಕಿ, ಹೊಳಲ್ಕೆರೆ

ಉತ್ತರ: ಹಾಲಿಗಾಗಿ ಹಸುವನ್ನು ಮೇಲಿಂದ ಮೇಲೆ ಗಬ್ಬ ಕಟ್ಟಿಸುವುದು, ಕರುವನ್ನು ಬೇಗ ಬಿಡಿಸುವುದು, ಹೋರಿಗರುಗಳಿಗೆ ಈಗ ಹೊಲದಲ್ಲಿ ಕೆಲಸವಿಲ್ಲದೆ ಅವು ಎಲ್ಲಿಗೋ ಸಾಗುವುದು, ಇವು ವೀಗನ್ನರ ಆಕ್ಷೇಪಗಳು. ಒಂದೆರಡು ಎಮ್ಮೆ ಕಟ್ಟಿಕೊಂಡು ಡೇರಿಗೆ ಹಾಲು ಹಾಕಿ ಮಕ್ಕಳನ್ನು ಓದಿಸಿದ ಮನೆಗಳು ನಿಮ್ಮ ತಾಲ್ಲೂಕಿನಲ್ಲಿ ಹೇರಳವಾಗಿವೆ, ಅವರ ಮಾತಿನಲ್ಲೂ ತೂಕವಿದೆ. ಈ ವಾದವನ್ನು ಊಟದ ಮೇಜಿನ ಮೇಲೆ ತೀರ್ಮಾನಿಸುವ ಅಗತ್ಯವಿಲ್ಲ. ಸೊಸೆಯ ನಿಲುವನ್ನು ಒಪ್ಪದೆಯೂ ಅವಳಿಗೆ ಬೇಕಾದ ಊಟವನ್ನು ತರಿಸಬಹುದು. ಈರುಳ್ಳಿ ತಿನ್ನದ ಬಂಧುಗಳಿಗೂ ಏಕಾದಶಿ ಹಿಡಿಯುವವರಿಗೂ ನಾವು ಹಿಂದಿನಿಂದ ನಡೆಸಿಕೊಂಡು ಬಂದಿರುವುದು ಅದನ್ನೇ. ಹತ್ತು ಪ್ರಶ್ನೆಗಳ ಮುಜುಗರಕ್ಕೆ ಮದ್ದು ಸುಲಭ: ಮೊದಲ ಉತ್ತರದಲ್ಲಿ ಹೇಳಿದಂತೆ ಹಿಂದಿನ ದಿನವೇ ಫೋನ್ ಮಾಡಿಬಿಡಿ. ಆ ಫೋನನ್ನು ನೀವೇ ಮಾಡಿದರೆ ಸೊಸೆಗೆ ಆಗುವ ಸಂತೋಷವೇ ಬೇರೆ.

ಪ್ರಶ್ನೆ: ನನ್ನ ಆರು ವರ್ಷದ ಮಗನಿಗೆ ಹಾಲಿನ ಅಲರ್ಜಿ ಇದೆ. ಹೋಟೆಲಿನಲ್ಲಿ ವೀಗನ್ ತಿನಿಸನ್ನು ಕೇಳಿ ತರಿಸಿದರೆ ಅವನಿಗೆ ಕೊಡಬಹುದಲ್ಲವೇ?
– ಹಿರಿಯೂರು

ಉತ್ತರ: ಅಷ್ಟರ ಮೇಲೆ ಭರವಸೆ ಇಡಬೇಡಿ. ವೀಗನ್ನರದು ತತ್ತ್ವದ ಪ್ರಶ್ನೆ, ನಿಮ್ಮ ಮಗುವಿನದು ಜೀವದ ಪ್ರಶ್ನೆ. ಪನೀರ್ ಪಕೋಡ ಕರಿದ ಎಣ್ಣೆಯಲ್ಲೇ ಆಲೂ ಬೋಂಡಾ ಕರಿದರೆ ಅದನ್ನು ತಿನ್ನುವ ವೀಗನ್ನರಿರಬಹುದು. ಅಲರ್ಜಿ ಇರುವ ಮಗುವಿಗೆ ಆ ಎಣ್ಣೆಯಲ್ಲಿ ಉಳಿದ ಹಾಲಿನ ಪ್ರೋಟೀನು ಸಾಕು. ತುಪ್ಪವನ್ನು ಎಷ್ಟು ಕಾಯಿಸಿದರೂ ಅದರಲ್ಲಿ ಸೂಕ್ಷ್ಮ ಪ್ರಮಾಣದಲ್ಲಿ ಹಾಲಿನ ಪ್ರೋಟೀನು ಉಳಿದಿರಬಹುದು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದೆ ಹೊಟ್ಟೆ ಉಬ್ಬರಿಸುವುದು ಬೇರೆ, ಅಲರ್ಜಿ ಬೇರೆ. ಮೊದಲನೆಯದರಲ್ಲಿ ತೊಂದರೆಯಷ್ಟೇ ಆಗುತ್ತದೆ, ಎರಡನೆಯದರಲ್ಲಿ ಉಸಿರಾಟಕ್ಕೇ ಅಪಾಯವಾಗಬಹುದು. ಹೋಟೆಲಿನವರಿಗೆ ಹೇಳುವಾಗ ‘ವೀಗನ್’ ಎಂಬ ಮಾತನ್ನೇ ಎತ್ತದೆ, ‘ಅಲರ್ಜಿ, ಒಂದು ಹನಿ ಬಿದ್ದರೂ ಆಸ್ಪತ್ರೆಗೆ ಓಡಬೇಕಾಗುತ್ತದೆ’ ಎಂದೇ ಹೇಳಿ. ಒಂದೇ ಸೌಟು ಹತ್ತು ಪಾತ್ರೆಗೆ ತಿರುಗುವ ಬಫೆಯನ್ನು ಪೂರ್ತಿಯಾಗಿ ಬಿಡಿ. ಹಬೆಯಲ್ಲಿ ಬೆಂದ ಇಡ್ಲಿ, ಬಿಳಿ ಅನ್ನ, ನಿಮ್ಮ ಕಣ್ಣೆದುರು ಸಿಪ್ಪೆ ಸುಲಿದ ಹಣ್ಣುಗಳು ಉಳಿದವಕ್ಕಿಂತ ಸುರಕ್ಷಿತ. ಇಡ್ಲಿಯ ತಟ್ಟೆಗೆ ತುಪ್ಪ ಸವರಿದ್ದಾರೆಯೇ ಎಂದು ಮಾತ್ರ ಕೇಳಿ. ವೈದ್ಯರು ಬರೆದುಕೊಟ್ಟ ತುರ್ತು ಔಷಧ ಕೈಚೀಲದಲ್ಲಿರಲಿ.

ಪ್ರಶ್ನೆ: ಒಂದು ದುಬಾರಿ ಹೋಟೆಲಿನಲ್ಲಿ ಮೂರು ಸಲ ಒತ್ತಿ ಹೇಳಿ, ಅವರು ಒಪ್ಪಿದ ಮೇಲೂ ಬಂದ ಪಲ್ಯದಲ್ಲಿ ತುಪ್ಪ ತೇಲುತ್ತಿತ್ತು. ಕೇಳಿದರೆ ‘ಸ್ವಲ್ಪ ತಾನೆ ಸಾರ್, ರುಚಿಗೆ’ ಎಂದರು. ಬಿಲ್ಲಿನಲ್ಲಿ ಅದರ ಬೆಲೆಯೂ ಇತ್ತು, ಸೇವಾ ಶುಲ್ಕವೂ ಇತ್ತು. ನಾನು ಏನು ಮಾಡಬಹುದಿತ್ತು?
– ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಉತ್ತರ: ಒಂದು ತುತ್ತಿನಲ್ಲೇ ಗೊತ್ತಾದರೆ ಅಲ್ಲಿಗೇ ನಿಲ್ಲಿಸಿ ಕ್ಯಾಪ್ಟನ್ನನ್ನು ಕರೆಯಬೇಕು. ತಟ್ಟೆ ಬರಿದಾದ ಮೇಲೆ ಎತ್ತಿದ ದೂರಿಗೆ ಯಾರೂ ಬೆಲೆ ಕೊಡುವುದಿಲ್ಲ. ಹೇಳಿದ್ದನ್ನು ಒಪ್ಪಿಕೊಂಡು ಬೇರೆಯದನ್ನು ಬಡಿಸಿದ್ದರಿಂದ ಅದನ್ನು ಬದಲಾಯಿಸಿಕೊಡುವಂತೆ ಅಥವಾ ಬಿಲ್ಲಿನಿಂದ ತೆಗೆಯುವಂತೆ ಕೇಳಲು ನಿಮಗೆ ಹಕ್ಕಿದೆ. ಮರ್ಯಾದಸ್ಥ ಹೋಟೆಲುಗಳು ಈ ಮಾತಿಗೆ ವಾದ ಮಾಡುವುದಿಲ್ಲ. ಸೇವಾ ಶುಲ್ಕವನ್ನು ಗಿರಾಕಿಯ ಒಪ್ಪಿಗೆಯಿಲ್ಲದೆ ತಾನಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಅದನ್ನು ತೆಗೆದುಹಾಕಿ ಎಂದು ಕೌಂಟರಿನಲ್ಲೇ ಹೇಳಬಹುದು. ಒಪ್ಪದಿದ್ದರೆ ಬಿಲ್ಲಿನ ಚಿತ್ರ ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಮುಂದಿನ ಸಲ ‘ಸ್ವಲ್ಪ ತಾನೆ’ ಎನ್ನುವವರಿಗೆ ಸಿದ್ಧಾಂತ ವಿವರಿಸಲು ಹೋಗಬೇಡಿ. ‘ನನಗೆ ಆಗುವುದಿಲ್ಲ’ ಎಂಬ ಎರಡು ಮಾತು ನಮ್ಮ ಕಡೆ ಬೇಗ ಅರ್ಥವಾಗುತ್ತದೆ. ಅದನ್ನು ಅಲರ್ಜಿಯೆಂದು ಹೇಳಿ ಕೆಲಸ ಸಾಧಿಸಿಕೊಳ್ಳುವವರನ್ನೂ ನೋಡಿದ್ದೇನೆ, ನನಗದು ಸರಿ ಕಾಣುವುದಿಲ್ಲ. ನಿಜವಾದ ಅಲರ್ಜಿಯವರು ಬಂದಾಗ ಅಡುಗೆಮನೆ ಅವರನ್ನೂ ನಂಬದಂತಾಗುತ್ತದೆ.

ಪ್ರಶ್ನೆ: ಊಟವೇನೋ ಹೇಗೋ ಆಗುತ್ತದೆ. ಕೊನೆಯಲ್ಲಿ ಎಲ್ಲರೂ ಐಸ್‌ಕ್ರೀಮ್, ಜಾಮೂನು ತಿಂದು ಕಾಫಿ ಕುಡಿಯುವಾಗ ವೀಗನ್ನರು ಕೈಕಟ್ಟಿ ಕೂರಬೇಕೇ?
– ಹರಿಹರ

ಉತ್ತರ: ದೊಡ್ಡ ಹೋಟೆಲುಗಳ ಸಿಹಿತಿಂಡಿಯ ಪುಟ ವೀಗನ್ನರಿಗೆ ಮುಚ್ಚಿದ ಬಾಗಿಲೇ ಹೌದು. ಜಾಮೂನು, ರಸಮಲೈ, ಕುಲ್ಫಿಗಳು ಹಾಲಿನಿಂದಲೇ ಆದವು. ಮೈಸೂರ್ ಪಾಕ್, ಕೇಸರಿಬಾತು, ಕ್ಯಾರೆಟ್ ಹಲ್ವಾಗಳನ್ನು ತುಪ್ಪವಿಲ್ಲದೆ ಊಹಿಸುವುದೇ ಕಷ್ಟ. ಕಾಜು ಬರ್ಫಿಯಲ್ಲಿ ಗೋಡಂಬಿ, ಸಕ್ಕರೆಗಳೇ ಪ್ರಧಾನವಾದರೂ ಕೈಗೆ ತುಪ್ಪ ಸವರಿಕೊಂಡೇ ತಟ್ಟುತ್ತಾರೆ. ಮೇಲಿನ ಬೆಳ್ಳಿ ಹಾಳೆಯ ಬಗ್ಗೆ ಕೇಳುವವರಿದ್ದಾರೆ: ಹಿಂದೆ ಅದನ್ನು ಪ್ರಾಣಿಗಳ ಕರುಳು, ಚರ್ಮಗಳ ಪದರಗಳ ನಡುವೆ ಇಟ್ಟು ಬಡಿಯುತ್ತಿದ್ದರು, ತಯಾರಿಕೆಯ ಯಾವ ಹಂತದಲ್ಲೂ ಪ್ರಾಣಿಮೂಲದ ಸಾಮಗ್ರಿ ಬಳಸಬಾರದೆಂದು 2016ರಲ್ಲಿ ನಿಯಮವಾಯಿತು.

ಸಿಹಿಗೆ ನಮ್ಮ ಹಳೆಯ ಅಡುಗೆಯನ್ನೇ ಕೇಳಬೇಕು. ಹೋಳಿಗೆಯ ಕಣಕ ಮೈದಾ, ಎಣ್ಣೆಗಳದು, ಹೂರಣ ಬೇಳೆ, ಬೆಲ್ಲಗಳದು. ಎಣ್ಣೆಯಲ್ಲಿ ಬೇಯಿಸಿ, ತುಪ್ಪದ ಬದಲು ಕಾಯಿಹಾಲು ಕೊಡಲು ಹೇಳಿ. ಹೋಳಿಗೆಗೂ ಒತ್ತುಶ್ಯಾವಿಗೆಗೂ ಕಾಯಿಹಾಲು ಹಳೆಯ ಜೋಡಿಯೇ ಆದುದರಿಂದ ನೀವು ಹೊಸದೇನನ್ನೋ ಕೇಳಿದಂತೆ ಆಗುವುದಿಲ್ಲ. ಗಸಗಸೆ ಪಾಯಸವೂ ಹೆಸರುಬೇಳೆ ಪಾಯಸವೂ ಕಾಯಿಹಾಲು, ಬೆಲ್ಲಗಳಲ್ಲೇ ಚೆನ್ನಾಗಿ ಆಗುತ್ತವೆ, ಹೋಟೆಲಿನವರು ದಪ್ಪ ಬರಲೆಂದು ಹಸುವಿನ ಹಾಲು ಸುರಿದಿಲ್ಲವೆಂದು ಖಚಿತ ಮಾಡಿಕೊಳ್ಳಿ. ಈಚೆಗೆ ಜನಪ್ರಿಯವಾಗಿರುವ ಎಳನೀರು ಪಾಯಸಕ್ಕೆ ಎಷ್ಟೋ ಕಡೆ ಡಬ್ಬಿಯ ಮಂದಹಾಲನ್ನು ಸೇರಿಸುತ್ತಾರೆ, ಹೆಸರು ನೋಡಿ ಮೋಸಹೋಗಬೇಡಿ.

ಕಾಫಿಯ ವಿಷಯದಲ್ಲಿ ಡಿಕಾಕ್ಷನ್ನಿಗೆ ಬಿಸಿನೀರು, ಬೆಲ್ಲ ಸೇರಿಸಿ ಕುಡಿಯುವುದನ್ನು ರೂಢಿಸಿಕೊಂಡರೆ ಯಾವ ಹೋಟೆಲಿನಲ್ಲೂ ತೊಂದರೆಯಿಲ್ಲ. ಸೋಯಾ ಹಾಲು ಇಟ್ಟಿರುವ ಕಡೆಯೂ ಕುದಿಯುವ ಗಟ್ಟಿ ಡಿಕಾಕ್ಷನ್ನಿಗೆ ಅದನ್ನು ಒಮ್ಮೆಲೇ ಸುರಿದರೆ ಕಾಫಿಯ ಹುಳಿಗೆ ಹಾಲು ಒಡೆಯುತ್ತದೆ. ಹಾಲನ್ನು ಬೇರೆಯಾಗಿ ಬೆಚ್ಚಗೆ ಮಾಡಿ, ಲೋಟಕ್ಕೆ ಮೊದಲು ಹಾಲು ಹಾಕಿ ಆಮೇಲೆ ಡಿಕಾಕ್ಷನ್ನನ್ನು ನಿಧಾನವಾಗಿ ಬಿಡಲು ಹೇಳಿ.